ಗೋಡೆಯ ಪಕ್ಕದ ಸರ್

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಸಾಬೂನು ನೀರಿನಲ್ಲಿ ಕಿವುಚಿದರೆ ಒಂದು ವಾಸನೆ ಬರುತ್ತದೆ. ನಿನ್ನೆ ಕಲಬುರಗಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈ ತೊಳೆದೆ, ಕಿಟಕಿ ತೆರೆದೆ, ಮತ್ತೆ ಕೈ ತೊಳೆದೆ...

ಕಮಲಾಪುರದ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಸರ್ ದಿನಾ ಕಲಬುರಗಿಯ ಮೋಮಿನಪುರದಿಂದ ಬರುತ್ತಿದ್ದರು. ಅವರು ಹಾಜರಿ ಕೂಗಿದವರೇ ಅಲ್ಲ. ನಾವು ಚೀಟಿಯಲ್ಲಿ ನಮ್ಮ ಹೆಸರು, ಅಕ್ಕಪಕ್ಕ ಕೂತವರ ಹೆಸರು ಬರೆಯಬೇಕಿತ್ತು. ಚೀಟಿಗಳನ್ನೆಲ್ಲ ಡಬ್ಬಿಯಲ್ಲಿ ಕಲಸಿ, ನಮಗೆ ಬೆನ್ನು ಮಾಡಿ, ಯಾರು ಎಲ್ಲಿ ಕೂತಿದ್ದೇವೆಂದು ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದರು! ಬೆಂಚಿನ ತುದಿಯವಳಾದ ನಾನು ಒಂದು ಬದಿಗೆ ‘ಗೋಡೆ’ ಎಂದು ಬರೆಯುತ್ತಿದ್ದೆ.

“ಆ ಗ್ವಾಡಿಗೇ ಆನಿಕೊಂಡು ನಿಂದರತೀನಿ. ನನ್ನ ಯಾಕ ಬರಿಯಂಗಿಲ್ಲ ಬೇಟಾ?” ಎಂದು ಕಾಡುತ್ತಿದ್ದರು.

ಒಮ್ಮೆ ಇದೇ ಹಣ್ಣು ಕಿವುಚಿ, ಸೋಸಿ, ತಣ್ಣನೆಯ ಸ್ಪಿರಿಟ್ ಸುರಿದು ಡಿಎನ್‌ಎಯ ಬಿಳಿ ಎಳೆ ಎಬ್ಬಿಸಿದರು. ಅದರ ನಕಲು ಆರ್‌ಎನ್‌ಎ, ಜೀವಕೋಶದ ತುಂಬ ಓಡಾಡುತ್ತದೆ ಎಂದರು.

“ಕಿವುಚಿದ ಮ್ಯಾಲ ಯಾವ ನಕಲು ಎಲ್ಲಿತ್ತಂತ ಹ್ಯಾಂಗ ಗೊತ್ತಾಗ್ತದರೀ ಸರ್?” ಎಂದೆ.

“ನನಗೂ ಗೊತ್ತಿಲ್ಲ. ನಿನಗ ಗೊತ್ತಾದ ದಿನ ಬಂದು ಹೇಳು.”

ಉತ್ತರ ನನಗೆ ಓದಲು ಸಿಕ್ಕಿ ವರ್ಷವಾಯಿತು. ಜೀವಕೋಶದೊಳಗಿನ ಒಂದೊಂದು ಆರ್‌ಎನ್‌ಎ ನಕಲಿಗೂ ಬೇರೆ ಬೇರೆ ಡಿಎನ್‌ಎ ತುಣುಕನ್ನು ಗುರುತಾಗಿ ಹಚ್ಚುತ್ತಾರೆ. ಹತ್ತಿರದವುಗಳ ಗುರುತುಗಳು ಜೋಡಿಯಾಗಿ ಅಂಟಿಕೊಳ್ಳುತ್ತವೆ. ಆಮೇಲೆ ಎಲ್ಲ ಕಲಸಿಹೋದರೂ ಆ ಜೋಡಿಗಳ ಡಿಎನ್‌ಎ ಅಕ್ಷರ ಓದಿ, ಯಾರ ಪಕ್ಕ ಯಾರಿದ್ದರೆಂದು ಕೂಡಿಸಿದರೆ ನಕ್ಷೆ ಸಿದ್ಧ. ಅಯ್ಯೋ, ಇದು ಸರ್ ಅವರ ಚೀಟಿ ಡಬ್ಬಿಯಲ್ಲವೇ! ಉತ್ತರ ಅವರ ಕೈಯಲ್ಲೇ ಇತ್ತು, ಅವರಿಗೇ ಗೊತ್ತಿರಲಿಲ್ಲ.

ಹೇಳಬೇಕಿತ್ತು. ಮೋಮಿನಪುರ ಆಟೋದಲ್ಲಿ ಹತ್ತು ನಿಮಿಷ. ಈ ರವಿವಾರ, ಬೇಡ, ಮುಂದಿನ ರವಿವಾರ... ಕಳೆದ ತಿಂಗಳು ಕೊನೆಗೂ ಹೋದೆ.

“ಅಬ್ಬಾ ತೀರಿಕೊಂಡು ನಾಕು ತಿಂಗಳಾತ್ರೀ,” ಎಂದಳು ಬಾಗಿಲು ತೆರೆದ ಅವರ ಮಗಳು. ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ನನ್ನ ವಿದ್ಯಾರ್ಥಿಗಳಿಂದ ಚೀಟಿ ಬರೆಸಿದೆ. ಅವರ ಬೆಂಚಿನ ತುದಿಯಲ್ಲಿ ಕೂತು ನಾನೂ ಒಂದು ಬರೆದೆ. ಗೋಡೆಯ ಬದಿಗೆ ‘ಸರ್’ ಎಂದು ಬರೆದೆ. ಬೋರ್ಡಿನ ಮೇಲೆ ನಕ್ಷೆ ಬರೆಯುತ್ತಿದ್ದ ಹುಡುಗಿ ಡಬ್ಬಿಯಲ್ಲಿ ಕೈಯಾಡಿಸಿ ತಿರುಗಿದಳು.

“ಮೇಡಂ, ನಿಮ್ಮ ಬಾಜೂಕ ಸರ್ ಅಂತ ಬರದೀರಿ. ಅವರ ಚೀಟಿನೇ ಇಲ್ಲಲ್ರೀ?”

“ಹುಡುಕಬ್ಯಾಡವಾ,” ಎಂದೆ. “ಸಿಗಂಗಿಲ್ಲ.”