ಅಕ್ಕ ಕೂರುವ ಗಾಡಿ

ಅಂದು ಭಾನುವಾರ. ಕುದಾಪುರದ ಕಡೆ ಮಣ್ಣುದಾರಿಯಲ್ಲಿ ಬೈಕು ಓಡಿಸಿ ನಾನು ಚಳ್ಳಕೆರೆಯ ಮನೆಗೆ ಮರಳಿದಾಗ ಹನ್ನೊಂದು ಗಂಟೆಯಾಗಿತ್ತು. ಹುಬ್ಬಿನ ಮೇಲೆ, ಕಿವಿಯೊಳಗೆ, ಹಲ್ಲಿನ ಸಂದಿಯಲ್ಲೆಲ್ಲ ಮಣ್ಣು. ಅಲ್ಲಿನ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಗೋಡೆ ಎದ್ದ ಮೇಲೆ ನನ್ನಂಥವರಿಗೆ ಉಳಿದದ್ದು ಗೋಡೆಯಾಚೆಯ ಕುರಿದಾರಿಗಳು, ಹಳ್ಳದ ಮರಳು, ಕಲ್ಲುಗುಡ್ಡ. ಹದಿನೈದು ವರ್ಷದಿಂದ ಭಾನುವಾರ ಬೆಳಿಗ್ಗೆ ನಾನು ಅಲ್ಲೇ ಇರುತ್ತಿದ್ದೆ. ಉಳಿದ ಆರು ದಿನ ನನ್ನ ದನದ ಹಿಂಡಿ ಅಂಗಡಿ.

ಮನೆ ಮುಂದೆ ಭಾವನ ಕಪ್ಪು ಬೈಕು ನಿಂತಿತ್ತು. ಭಾವ ನನ್ನ ಅಕ್ಕನ ಗಂಡ, ಮೊಳಕಾಲ್ಮೂರಿನವರು. ತಿಂಗಳಿಗೊಮ್ಮೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು.

"ಬಂತು ನೋಡ್ರಿ ಎರೆಹುಳ," ಎಂದರು ಕಟ್ಟೆಯ ಮೇಲೆ ಕುಳಿತೇ. "ಲೇ, ಟಾರ್ ರೋಡು ಅಂತ ಒಂದು ಹಾಕಿದಾರೆ. ನೋಡಿದೀಯಾ ಯಾವತ್ತಾದ್ರೂ?"

"ಟಾರ್ ರೋಡಲ್ಲಿ ಏನೈತೆ ಭಾವ? ನಿದ್ದೆ ಮಾಡ್ತಾ ಹೋಗಬಹುದು."

"ಹೌದಾ? ತಗಾ ಕೀ. ನಿಮ್ಮಕ್ಕನ್ನ ಕೂರಿಸ್ಕೊಂಡು ಬಸ್‌ಸ್ಟ್ಯಾಂಡ್ ತನಕ ಹೋಗಿ ಬಾ, ಆಮೇಲೆ ಮಾತಾಡು."

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಅವನ ಹಿಂದೆ ನಾನು ಕೂರಲ್ಲಪ್ಪ. ನಾನೇನು ಶೇಂಗಾ ಚೀಲನಾ, ಹಗ್ಗ ಹಾಕಿ ಬಿಗಿಯೋಕೆ?"

ಅವ್ವ ನಕ್ಕಳು. ಊಟವಾಯಿತು. ಭಾವ ಗೋಡೆಗೆ ಒರಗಿ ಅರ್ಧ ಗಂಟೆ ಗೊರಕೆ ಹೊಡೆದರು. ನಾಲ್ಕು ಗಂಟೆಗೆ ಹೊರಟರು. ಅಕ್ಕ ಚಟ್ನಿಪುಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸೆರಗು ಸುತ್ತಿಕೊಂಡು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕುಳಿತಳು.

"ಕೂತ್ಯಾ?" ಎಂದರು ಭಾವ, ಹಿಂದೆ ತಿರುಗದೆ.

"ಕೂತೆ."

ಆಮೇಲೆ ಗೇರು ಬಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಪ್ರತಿ ಸಲವೂ ಅಷ್ಟೇ. ನಾನು ಆ ಮಾತನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ಬುಧವಾರ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ ಭಾವ ಹಾಗೇ ಕುಸಿದರಂತೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ನನಗೆ ಹೇಳಿದ್ದು ಒಂದೇ ಮಾತು: "ಆ ಗಾಡೀನ ನನ್ನ ಕಣ್ಣೆದುರಿಗೆ ಇಡಬೇಡ." ಮಾರನೇ ದಿನವೇ ರಾಂಪುರದ ವ್ಯಾಪಾರಿಯೊಬ್ಬನಿಗೆ ಕೊಟ್ಟುಬಿಟ್ಟೆ. ಒಂದು ಮೂಲೆಯಲ್ಲಿ ಬಟ್ಟೆ ಹೊದಿಸಿ ನನ್ನ ಅಂಗಡಿಯಲ್ಲಾದರೂ ಇಟ್ಟುಕೊಳ್ಳಬಹುದಿತ್ತು. ಹೊಳೆಯಲಿಲ್ಲ. ಮೂರು ತಿಂಗಳಾದ ಮೇಲೆ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು, "ಎಲ್ಲೈತೋ ಅದು?" ಫೋನ್ ಮಾಡಿದೆ. ಬಳ್ಳಾರಿ ದಾಟಿ ಆಂಧ್ರಕ್ಕೆ ಹೋಗಿತ್ತು. ಅಕ್ಕ "ಹೂಂ" ಎಂದಳು, ಅಷ್ಟೆ.

ಭಾವನ ಕೆಲಸ ನೇಕಾರರ ಮನೆಗಳಿಗೆ ರೇಷ್ಮೆ ಕೊಟ್ಟು ಸೀರೆ ತರುವುದು. ಬಣ್ಣ, ಅಂಚು, ಸೆರಗು ನೋಡುತ್ತಿದ್ದವಳು ಅಕ್ಕ. ಕೊಂಡ್ಲಹಳ್ಳಿಯ ಕಡೆಯ ಮಗ್ಗಗಳಿಗೆ ಇಬ್ಬರೂ ಜೊತೆಯಾಗೇ ಹೋಗುತ್ತಿದ್ದರು. ಈಗ ಅಕ್ಕ ಬಾಗಿಲು ದಾಟುತ್ತಿರಲಿಲ್ಲ. ನೇಕಾರರು ಫೋನ್ ಮಾಡಿ ನೋಡಿದರು. ಕೊನೆಗೆ ಹಿರಿಯ ನೇಕಾರ್ತಿಯೊಬ್ಬಳು ನನಗೇ ಹೇಳಿದಳು: "ಹಬ್ಬ ಕಳೆಯೋ ತನಕ ಕಾಯ್ತೀವಪ್ಪ. ಆಮೇಲೆ ಮಗ್ಗ ಖಾಲಿ ಬಿಡಾಕೆ ಆಗಲ್ಲ, ಬೇರೆಯವರ ರೇಷ್ಮೆ ಏರಿಸ್ತೀವಿ."

ಆ ಕೆಲಸವೂ ಹೋದರೆ ಅಕ್ಕನಿಗೆ ಮನೆಯಿಂದ ಹೊರಬರಲು ಇನ್ನೊಂದು ಕಾರಣ ಉಳಿಯುವುದಿಲ್ಲ. ನನ್ನನ್ನು ಕಾಡಿದ ಭಯ ಅದು.

ಬಸ್ಸಿನಲ್ಲಿ ಹೋಗು ಎಂದೆ. "ಬಸ್ಸಲ್ಲಿ ಎಲ್ರೂ ಕೇಳ್ತಾರೆ, ಹೆಂಗಾತು, ಎಷ್ಟೊತ್ತಿಗಾತು ಅಂತ," ಎಂದಳು. ಆಟೋದವನೂ ಕೇಳುತ್ತಾನಂತೆ. ಬೈಕಿನ ಮೇಲೆ ಕುಳಿತವರನ್ನು ಯಾರೂ ಏನೂ ಕೇಳುವುದಿಲ್ಲ. ಹಾಗಾದರೆ ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಅಕ್ಕ ನನ್ನ ಗಾಡಿಯತ್ತ ನೋಡಿದಳು. ಅದಕ್ಕೆ ಹಿಂದೆ ಕೂರಲು ಜಾಗವೇ ಇಲ್ಲ. ಹಿಂದಿನ ಫುಟ್‌ರೆಸ್ಟು, ಹಿಡಿಯುವ ಕಂಬಿ, ಸೀರೆ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಜಾಲರಿ, ಎಲ್ಲವನ್ನೂ ನಾನೇ ಬಿಚ್ಚಿಸಿದ್ದೆ. ಗುಡ್ಡ ಹತ್ತುವಾಗ ತೂಕ ಕಡಿಮೆ ಇರಲಿ ಎಂದು.

ಹಾಗಾಗಿ ರಸ್ತೆಯ ಗಾಡಿ ಹುಡುಕಲು ಶುರುಮಾಡಿದೆ. ಹೊಸದು ಬೇಡ ಎಂದವಳು ಅಕ್ಕನೇ. "ಹೊಸ ಗಾಡಿ ಬಂದ್ರೆ ಬೀದಿಯವರೆಲ್ಲ ಪೇಡೆ ಕೇಳ್ತಾರೆ."

ಆ ತಿಂಗಳು ನಾನು ಒಂದು ಕಡೆ ನಿಲ್ಲಲಿಲ್ಲ. ಹಿಂಡಿ ತೂಗುತ್ತಾ ತೂಗುತ್ತಾ ಫೋನಿನಲ್ಲಿ ಹಳೇ ಗಾಡಿಗಳ ಫೋಟೋ ನೋಡುತ್ತಿದ್ದೆ. ಅರ್ಧಕ್ಕೆ ಷಟರ್ ಎಳೆದು ಹೊರಟುಬಿಡುತ್ತಿದ್ದೆ. ಇವತ್ತು ರಾಂಪುರ, ನಾಳೆ ಮೊಳಕಾಲ್ಮೂರು, ನಾಡಿದ್ದು ಮತ್ತೆ ಚಳ್ಳಕೆರೆಯ ಸಂತೆ ಬೀದಿ. ಗಾಡಿ ನೋಡುವುದು ನನಗೆ ಗೊತ್ತಿತ್ತು. ಮೊದಲು ಎಂಜಿನ್ನಿಗೆ ಅಂಗೈ ಇಡುವುದು. ಬೆಚ್ಚಗಿದ್ದರೆ ಮಾರುವವನು ನಾನು ಬರುವ ಮೊದಲೇ ಶುರುಮಾಡಿ ಏನನ್ನೋ ಮುಚ್ಚಿಟ್ಟಿದ್ದಾನೆ ಎಂದರ್ಥ. ಆಮೇಲೆ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸುವುದು, ಹಿಂದಿನ ಚಕ್ರ ಹಿಡಿದು ಅಲುಗಾಡಿಸುವುದು, ಚೈನು ಎಳೆಯುವುದು, ನೆಲಕ್ಕೆ ಮಲಗಿ ಚಾಸಿಯ ಬೆಸುಗೆ ನೋಡುವುದು. ಬಿಳಿ ಅಂಗಿ ತೊಟ್ಟು ಹೋದವನು ಬೆನ್ನು ತುಂಬ ಧೂಳು ಮಾಡಿಕೊಂಡು ಬರುತ್ತಿದ್ದೆ.

ಓಡಿಸಿ ನೋಡುವಾಗ ಮಾತ್ರ ನಗೆಪಾಟಲಾಗುತ್ತಿತ್ತು. ತಿರುವಿನಲ್ಲಿ ನನಗೆ ಗೊತ್ತಿಲ್ಲದೆ ಕಾಲು ಹೊರಗೆ ಚಾಚುತ್ತಿತ್ತು. ಉಬ್ಬು ಬಂದರೆ ಎದ್ದು ನಿಲ್ಲುತ್ತಿದ್ದೆ. ಹಿಂದಿನ ಬ್ರೇಕು ತುಳಿದು ಡಾಂಬರಿನ ಮೇಲೆ ಉದ್ದಕ್ಕೆ ಕಪ್ಪು ಗೆರೆ ಎಳೆದೆ. "ಸರ್ಕಸ್ಸಿನೋನೇನ್ರಿ ನೀವು?" ಎಂದು ಒಬ್ಬ ಕೀ ಕಿತ್ತುಕೊಂಡ.

ರಾಂಪುರದಲ್ಲಿ ಒಂದು ಎತ್ತರದ ಗಾಡಿ ಮನಸ್ಸಿಗೆ ಬಂತು. ನೆಲಕ್ಕೂ ಎಂಜಿನ್ನಿಗೂ ಒಳ್ಳೆಯ ಅಂತರ, ಮೆತ್ತನೆಯ ಶಾಕ್, ಗಟ್ಟಿ ಚಾಸಿ. ಒಂದು ದಿನ ಇಟ್ಟುಕೊಂಡು ನೋಡಿ ಎಂದು ಮಾರುವವರು ಕೊಟ್ಟರು. ನೇರ ಅಕ್ಕನ ಮನೆಗೆ ಓಡಿಸಿದೆ.

ಅಕ್ಕ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಇದೇನೋ, ಒಂಟೆ ತಂದಿದೀಯಾ?"

ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ತಮಾಷೆ ಬಂದಿತ್ತು. ಅದೇ ಖುಷಿಯಲ್ಲಿ ನಾನು ಅವಸರ ಮಾಡಿದೆ. ಬಾ, ಒಂದು ಸುತ್ತು ಹೋಗಣ ಎಂದೆ. ಅಕ್ಕ ಕಟ್ಟೆಯ ಕಲ್ಲು ಹತ್ತಿದಳು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು "ಜಾಗ್ರತ್ತಮ್ಮಾ" ಎಂದಳು. ಅಕ್ಕ ನನ್ನ ಹೆಗಲು ಹಿಡಿದು, ಫುಟ್‌ರೆಸ್ಟಿನ ಮೇಲೆ ಒಂದು ಕಾಲಿಟ್ಟಳು. ಅವಳ ಭಾರಕ್ಕೆ ಗಾಡಿಯ ಹಿಂಭಾಗ ಮೆತ್ತಗೆ ಕುಸಿಯಿತು.

ಮರಳಿನಲ್ಲಿ ಓಡಿಸುವವರಿಗೆ ಒಂದು ಪಾಠ ಮೈಗೇ ಹತ್ತಿರುತ್ತದೆ. ಹಿಂದಿನ ಚಕ್ರ ಕುಸಿದಂತಾದರೆ ನಿಲ್ಲಬಾರದು, ಆಕ್ಸಿಲರೇಟರ್ ತಿರುವಿ ಮುಂದಕ್ಕೆ ಎಳೆದುಕೊಂಡು ಹೋಗಬೇಕು. ನಿಂತರೆ ಹೂತುಹೋಗುತ್ತದೆ. ನನ್ನ ಕೈ ಹದಿನೈದು ವರ್ಷ ಕಲಿತದ್ದನ್ನೇ ಮಾಡಿತು.

ನಾಲ್ಕು ಮಾರು ಹೋಗಿ ನಿಲ್ಲಿಸಿ ತಿರುಗಿ ನೋಡಿದರೆ ಅಕ್ಕ ಬೀದಿಯಲ್ಲಿ ಮಂಡಿಯೂರಿದ್ದಳು. ಪಕ್ಕದ ಮನೆಯವಳು ಓಡಿಬಂದು ಎಬ್ಬಿಸಿದಳು. ಏಟೇನೂ ದೊಡ್ಡದಲ್ಲ, ಅಂಗೈ ತರಚಿತ್ತು. ಅಕ್ಕ ಬೈಯಲಿಲ್ಲ. ಸೀರೆ ಕೊಡವಿಕೊಂಡು, "ನಾನಿನ್ನೂ ಕೂತಿರ್ಲಿಲ್ಲ ಕಣೋ," ಎಂದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಗಾಡಿ ವಾಪಸು ಕೊಟ್ಟು ಬಂದೆ. ಆಮೇಲೆ ಎರಡು ವಾರ ಇನ್ನೂ ಹೆಚ್ಚು ಅಲೆದೆ. ಹಬ್ಬಕ್ಕೆ ಹದಿನೈದು ದಿನವೂ ಉಳಿದಿರಲಿಲ್ಲ. ನೋಡಿದ ಪ್ರತಿ ಗಾಡಿಯಲ್ಲೂ ತಪ್ಪು ಹುಡುಕುತ್ತಿದ್ದೆ. ಇದರ ಟ್ಯಾಂಕಿನ ಮೇಲೆ ಗೀರು, ಅದರ ಹಾರನ್ನು ಕೀರಲು, ಮತ್ತೊಂದರ ಬಣ್ಣ ಕಪ್ಪು. ಕಪ್ಪು ಬಣ್ಣದ್ದು ಕಂಡರೆ ನಂಬರು ನೋಡಲು ಬಗ್ಗುತ್ತಿದ್ದೆ. ಆಂಧ್ರಕ್ಕೆ ಹೋದ ಗಾಡಿ ಇಲ್ಲಿ ಹೇಗೆ ಇರುತ್ತದೆ? ಆದರೂ ಬಗ್ಗುತ್ತಿದ್ದೆ.

ಚಳ್ಳಕೆರೆಯಲ್ಲಿ ಹಳೇ ಗಾಡಿ ಮಾರುವ ಒಬ್ಬ ಭಾಯ್ ಇದ್ದರು. ಅವರ ಅಂಗಡಿಯ ಬಾಗಿಲಲ್ಲಿ ಒಂದು ಹಳೆಯ, ಕುಳ್ಳ, ಕಂದು ಬಣ್ಣದ ಬೈಕನ್ನು ನಾಲ್ಕು ಸಲ ನೋಡಿ ನಾಲ್ಕು ಸಲವೂ ಬೇಡ ಎಂದಿದ್ದೆ. ಐದನೇ ಸಲ ಮತ್ತೆ ನೆಲಕ್ಕೆ ಮಲಗಲು ಹೋದಾಗ ಅವರು ತಡೆದರು.

"ಅಣ್ಣಾ, ಇದರ ಕೆಳಗೆ ನೀವು ಮಲಗಿದ್ದಷ್ಟು ಇದರ ಹಳೇ ಮಾಲೀಕ ಮೇಲೆ ಕೂತಿಲ್ಲ. ಯಾರಿಗೆ ಹೇಳ್ರಿ ಗಾಡಿ?"

"ಅಕ್ಕನಿಗೆ."

"ಓಡಿಸ್ತಾರಾ?"

"ಇಲ್ಲ, ಹಿಂದೆ ಕೂರ್ತಾಳೆ."

"ಮತ್ತೆ ಹಿಂದೆ ಕೂತು ನೋಡಿದ್ರಾ?"

ತಿಂಗಳಿಡೀ ಅಷ್ಟು ಗಾಡಿ ನೋಡಿದವನು ಒಂದರ ಹಿಂದಿನ ಸೀಟಿನ ಮೇಲೂ ಕುಳಿತಿರಲಿಲ್ಲ.

ಭಾಯ್ ಗಾಡಿ ಶುರುಮಾಡಿದರು. "ಬರ್ರಿ. ಹಂಗಲ್ಲ, ಒಂದೇ ಕಡೆ ಕಾಲು ಹಾಕಿ. ಅಕ್ಕ ಕೂತಂಗೆ ಕೂರ್ರಿ."

ನಲವತ್ತನಾಲ್ಕು ವರ್ಷದ ಗಂಡಸು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಸಂತೆ ಬೀದಿಯಲ್ಲಿ ಹೊರಟೆ. ಈರುಳ್ಳಿ ಗಾಡಿಯವನು ಕೂಗಿದ, "ಏನ್ ಭಾಯ್, ಯಾವೂರ ಬೀಗತಿ?" ಭಾಯ್ ಕೈಯೆತ್ತಿ, "ಮೀಸೆ ಐತೆ, ನಿಂಗೆ ಬೇಡ ಬಿಡು," ಎಂದರು. ಬೀದಿಯೆಲ್ಲ ನಕ್ಕಿತು.

ನನಗೆ ನಗು ಬರಲಿಲ್ಲ. ಹೆದರಿಕೆಯಾಗುತ್ತಿತ್ತು. ಬಲಗೈ ಅವರ ಹೆಗಲ ಮೇಲೆ, ಎಡಗೈ ಹಿಂದಿನ ಕಂಬಿಯ ಮೇಲೆ. ಮುಂದೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಬರೀ ಪಕ್ಕದ ಅಂಗಡಿಗಳು ಸರಿಯುವುದು ಕಾಣುತ್ತದೆ. ಉಬ್ಬು ಬಂದದ್ದು ಬೆನ್ನಿಗೆ ಏಟು ಬಿದ್ದ ಮೇಲೆ ಗೊತ್ತಾಗುತ್ತದೆ. ಕಲ್ಲುಗುಡ್ಡದಿಂದ ಕಣ್ಣು ಮಿಟುಕಿಸದೆ ಇಳಿದವನು ತರಕಾರಿ ಮಾರುಕಟ್ಟೆಯ ಮುಂದೆ ಭಾಯ್ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಅಕ್ಕ ಇಪ್ಪತ್ತಾರು ವರ್ಷ ಹೀಗೆ ಕುಳಿತು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಊರಿಂದ ಊರಿಗೆ ಬಂದಿದ್ದಳು.

ಆದರೆ ಆ ಕುಳ್ಳ ಗಾಡಿಯ ಸೀಟು ಅಗಲವಾಗಿತ್ತು. ಎಡಗಡೆ ಎರಡೂ ಪಾದ ಊರುವಷ್ಟು ಅಗಲದ ಫುಟ್‌ರೆಸ್ಟು ಇತ್ತು. ಜಾಲರಿ ಒಂದು ಕಂಬಿಯೂ ಮುರಿಯದೆ ಗಟ್ಟಿಯಾಗಿತ್ತು. ಎಂಜಿನ್ನು ಸಾಧಾರಣ. ಶಾಕ್ ಸಾಧಾರಣಕ್ಕಿಂತ ಕಡಿಮೆ. ಅವತ್ತೇ ತೆಗೆದುಕೊಂಡೆ.

ಮೊಳಕಾಲ್ಮೂರಿಗೆ ಹೋಗುವಾಗ ಅರವತ್ತು ದಾಟಲಿಲ್ಲ. ಹೆದ್ದಾರಿಯಿಂದ ಹೊಲದೊಳಕ್ಕೆ ಇಳಿಯುವ ಒಂದೊಂದು ಮಣ್ಣುದಾರಿ ಕಂಡಾಗಲೂ ಕೈ ತುರಿಸುತ್ತಿತ್ತು. ಹಬ್ಬ ಕಳೆದು ಎರಡು ದಿನವಾಗಿತ್ತು. ಹಿರಿಯ ನೇಕಾರ್ತಿ ಫೋನಿನಲ್ಲಿ, "ಇವತ್ತೊಂದು ದಿನ ನೋಡ್ತೀವಪ್ಪ," ಎಂದಿದ್ದಳು.

ಅಕ್ಕ ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಸೀಟಿನ ಮೇಲೆ ಕೈಯಾಡಿಸಿದಳು. ಜಾಲರಿ ಹಿಡಿದು ಎಳೆದು ನೋಡಿದಳು.

"ಇದು ಪರವಾಗಿಲ್ಲ," ಎಂದಳು. "ಆದ್ರೆ ನೀನು?"

"ನಾನೂ ಹಿಂದೆ ಕೂತು ಬಂದೀನಿ ಅಕ್ಕ. ಸಂತೆ ಬೀದೀಲಿ, ಒಂದೇ ಕಡೆ ಕಾಲು ಹಾಕಿ."

ನನ್ನನ್ನೇ ನೋಡಿದಳು. "ಎಲ್ರೂ ನೋಡಿದ್ರಾ?"

"ಎಲ್ರೂ."

"ಒಳ್ಳೇದಾತು," ಎಂದು ಒಳಗೆ ಹೋಗಿ, ಬಣ್ಣದ ರೇಷ್ಮೆ ಎಳೆಗಳನ್ನು ಕಟ್ಟಿಟ್ಟ ಚೀಲ ತೆಗೆದುಕೊಂಡು ಬಂದಳು. ಐದು ತಿಂಗಳಿಂದ ಗೂಟಕ್ಕೆ ನೇತುಬಿದ್ದಿದ್ದ ಚೀಲ ಅದು.

ಗಾಡಿ ಶುರುಮಾಡಿದೆ. ಗೇರು ಹಾಕಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಆಕ್ಸಿಲರೇಟರಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹಿಂದೆ ಗಾಡಿ ಕುಸಿಯಿತು, ಅಲುಗಿತು, ನಿಂತಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಕೂತ್ಯಾ?" ಎಂದೆ.

ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತು ಎಂದು ನನಗೆ ತಿಳಿಯಿತು. ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಎಂಜಿನ್ನು ಓಡುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ನನ್ನ ಹೆಗಲ ಮೇಲೆ ಅಕ್ಕನ ಕೈ ಮೆಲ್ಲಗೆ ಎರಡು ಸಲ ತಟ್ಟಿತು. ಗೇರು ಹಾಕಿದೆ.

ಮಗ್ಗದ ಮನೆಯಲ್ಲಿ ಹಿರಿಯ ನೇಕಾರ್ತಿ ನಮ್ಮನ್ನು ನೋಡಿ ಏಳಲಿಲ್ಲ. "ಬಂದ್ಯೇನವ್ವಾ. ಕಾದೂ ಕಾದೂ ಕಾಲು ಜೋಮು ಹಿಡಿದೈತೆ, ಎಬ್ಬಿಸು ನನ್ನ," ಎಂದು ಕೈ ಚಾಚಿದಳು. ಅಕ್ಕ ಎಬ್ಬಿಸಿದಳು. ಇಬ್ಬರೂ ಕಿಟಕಿಯ ಬೆಳಕಿಗೆ ಹೋಗಿ ಎಳೆಗಳನ್ನು ಹಿಡಿದು ನೋಡಿದರು. ಅಂಚಿಗೆ ಯಾವ ಬಣ್ಣ ಎಂದು ಬಹಳ ಹೊತ್ತು ಜಗಳವಾಡಿದರು. ನಾನು ಹೊರಗೆ ಗಾಡಿಯ ಪಕ್ಕ ನಿಂತಿದ್ದೆ.

ಈಗ ವಾರಕ್ಕೆ ಎರಡು ಸಲ ಹೋಗುತ್ತೇವೆ. ನಾನು ತಿರುವಿನಲ್ಲಿ ಕಾಲು ಚಾಚುವುದು ನಿಂತಿದೆ. ಕುದಾಪುರದ ಕಡೆ ಹೋಗಿ ತಿಂಗಳುಗಳೇ ಆದವು; ನನ್ನ ಹಳೆಯ ಗಾಡಿ ಅಂಗಡಿಯ ಹಿಂದೆ ಹಿಂಡಿ ಚೀಲಗಳ ಪಕ್ಕ ನಿಂತಿದೆ. ಮಗ್ಗಗಳು ಉಳಿದವು. ಅಕ್ಕ ಗಾಡಿ ಹತ್ತುತ್ತಾಳೆ. ಪ್ರತಿ ಸಲವೂ ನಾನು ಕೇಳುತ್ತೇನೆ. ಪ್ರತಿ ಸಲವೂ ಹೆಗಲ ಮೇಲೆ ಎರಡು ಸಲ ತಟ್ಟುತ್ತಾಳೆ.

"ಕೂತೆ" ಎಂದು ಅಕ್ಕ ಇನ್ನೂ ಹೇಳಿಲ್ಲ.