ಸೀಸದ ಮೂತಿಯ ನಾಲ್ಕು ಗುಂಡುಗಳು

2024ರ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಬೆಳ್ತಂಗಡಿ ತಾಲೂಕಿನ ಒಂದು ರಬ್ಬರ್ ತೋಟದ ಮೇಲಿನ ಗುಡ್ಡದಲ್ಲಿ ಕಂದು ಬಣ್ಣದ ಹೆಣ್ಣು ನಾಯಿಯೊಂದು ಸತ್ತಿತು. ಸಮಯ ಬರೆದುಕೊಂಡದ್ದು ನಾನು.

ತೋಟ ನನ್ನ ಭಾವನದು. ಚುನಾವಣೆಗೆಂದು ಠಾಣೆಯಲ್ಲಿ ಇರಿಸಿದ್ದ ಕೋವಿಗಳು ಆಗಷ್ಟೇ ಮನೆಗಳಿಗೆ ವಾಪಸಾಗಿದ್ದವು. ಕೋವಿ ಇಲ್ಲದ ಆ ತಿಂಗಳುಗಳಲ್ಲಿ ಕಾಡುಹಂದಿಗಳು ಗೆಣಸು, ಬಾಳೆ, ತೆಂಗಿನ ಸಸಿ ಯಾವುದನ್ನೂ ಬಿಟ್ಟಿರಲಿಲ್ಲ. ಪರವಾನಗಿಯಲ್ಲಿ ಬೆಳೆ ರಕ್ಷಣೆಗೆ ಎಂದು ಬರೆದಿದೆ. ಅಂಗಳದಲ್ಲಿ ಸೇರಿದ ಆರು ಮಂದಿಗೂ ಬೇಕಾದದ್ದು ಮಾಂಸ.

ಭಾವನ ರೈಫಲ್ ಅವರ ಅಜ್ಜನ ಕಾಲದ್ದು. ಅದರ ಗುಂಡು ನನ್ನ ಹೆಬ್ಬೆರಳಿನಷ್ಟು ದಪ್ಪ. ಈಗ ಮಂಗಳೂರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಏಳು ಉಳಿದಿದ್ದವು. ಭಾವ ಅವನ್ನು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದರು. ನಾಲ್ಕರ ಮೂತಿಯಲ್ಲಿ ಬೂದು ಸೀಸ ಕಾಣುತ್ತಿತ್ತು. ಅಂಥದ್ದು ಮೈಯೊಳಗೆ ಅಣಬೆಯ ಹಾಗೆ ಅರಳಿ, ಸಿಕ್ಕಿದ್ದನ್ನೆಲ್ಲ ಹರಿದು, ಪ್ರಾಣಿಯನ್ನು ನಿಂತಲ್ಲೇ ಕೆಡವುತ್ತದೆ. ಉಳಿದ ಮೂರಕ್ಕೆ ಮೂತಿಯವರೆಗೂ ತಾಮ್ರದ ಹೊದಿಕೆ. ಅವು ಕಾಟಿಯಂಥ, ಅಂದರೆ ಕಾಡುಕೋಣದಂಥ, ದಪ್ಪ ಮೂಳೆಯ ಪ್ರಾಣಿಗೆ ಮಾಡಿದವು. ಹಂದಿಗೆ ಹೊಡೆದರೆ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಟುಹೋಗುತ್ತವೆ, ಹಂದಿ ತಕ್ಷಣ ಬೀಳುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾಯಿ ತೋಟದಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದವನದು. ಐವತ್ತು ದಾಟಿದ ಒಂಟಿ ಮನುಷ್ಯ. ಹಂದಿಯನ್ನು ಅಡ್ಡಗಟ್ಟಿ ನಿಲ್ಲಿಸಬಲ್ಲ ನಾಯಿ ಆ ಊರಿನಲ್ಲಿ ಅದೊಂದೇ.

"ಧಣಿಗಳೇ, ಸೀಸದ್ದೇ ಹಾಕಿ. ಇಲ್ಲದಿದ್ದರೆ ನನ್ನ ನಾಯಿ ಹೋಗ್ತದೆ" ಎಂದ.

"ಸೀಸದ್ದು ಹಾಕಿದರೆ ತೊಡೆ ಹೋಗ್ತದೆ ಮಾರಾಯ" ಎಂದರು ಭಾವ. "ತೋಡಾರಿನಿಂದ ನೆಂಟರು ಬರ್ತಾರೆ. ಅವರಿಗೆ ಚಿಂದಿ ಬಡಿಸುವುದಾ?"

"ಎದೆಗೆ ಹೊಡೆಯಿರಿ. ತೊಡೆಗೆ ಏನೂ ಆಗುವುದಿಲ್ಲ."

"ಹೋ! ಹಂದಿ ಎಕ್ಸ್‌ರೇಗೆ ನಿಂತ ಹಾಗೆ ಎದೆ ಕೊಟ್ಟು ನಿಲ್ತದೆ, ಅಲ್ವಾ?" ಎಂದ ಭಾವನ ತಮ್ಮ. ಎಲ್ಲರೂ ನಕ್ಕರು. "ಅಷ್ಟು ಮುದ್ದಿನದ್ದಾದರೆ ಮನೆಯಲ್ಲಿ ಕಟ್ಟಿ ಹಾಕು. ಮತ್ತೆ ಪಾಲು ಕೇಳಲಿಕ್ಕೆ ಬರಬೇಡ."

ಪಾಲಿಗೆ ಒಂದು ಕ್ರಮವಿದೆ. ತಲೆ ಮತ್ತು ಒಂದು ತೊಡೆ ಕೋವಿಯವನಿಗೆ. ಉಳಿದದ್ದು ಬಂದವರಿಗೆಲ್ಲ ಸಮ. ನಾಯಿಗೂ ಒಬ್ಬ ಮನುಷ್ಯನಷ್ಟೇ ಪಾಲು. ಅದನ್ನು ಅದರ ಯಜಮಾನ ಒಯ್ಯುತ್ತಾನೆ.

ಭಾವ ನನ್ನ ಕಡೆ ತಿರುಗಿದರು. ನಾನು ಪತ್ರಿಕೆಯೊಂದಕ್ಕೆ ತಾಲೂಕಿನ ಸುದ್ದಿ ಬರೆಯುತ್ತಿದ್ದವನು. "ಪೇಪರಿನವರು ಹೇಳಿ, ಯಾವುದು?"

"ಕೋವಿ ನಿಮ್ಮದು" ಎಂದೆ.

ಅವರು ತಾಮ್ರದ್ದನ್ನು ಎತ್ತಿಕೊಂಡರು.

ಹತ್ತು ಗಂಟೆಯ ಹೊತ್ತಿಗೆ ನಾಯಿ ಹಂದಿಯನ್ನು ಕೆಂಪುಕಲ್ಲು ಕಡಿದ ಹಳೆಯ ಕೋರೆಯ ಗೋಡೆಗೆ ಒತ್ತಿ ನಿಲ್ಲಿಸಿತ್ತು. ಭಾವ ಹೊಡೆದರು. ಗುಂಡು ಪಕ್ಕೆಲುಬಿನ ಹಿಂದೆ ಹೊಕ್ಕು ಆಚೆ ಬಂದು ಗೋಡೆಗೆ ಬಡಿಯಿತು. ಕಲ್ಲಿನ ಚೂರು ಸಿಡಿಯಿತು. ಹಂದಿ ಬೀಳಲಿಲ್ಲ. ತಲೆ ತಗ್ಗಿಸಿ ನಾಯಿಯನ್ನು ಒಮ್ಮೆ ಮೇಲಕ್ಕೆತ್ತಿ, ನೀರು ಹರಿಯುವ ತೋಡಿನ ಕಡೆ ಇಳಿದು ಹೋಯಿತು. ನಾಯಿಯ ಹೊಟ್ಟೆ ಎದೆಯವರೆಗೆ ಸೀಳಿತ್ತು. ಅದು ಏಳಲು ನೋಡುತ್ತಿತ್ತು. ಅದರ ಯಜಮಾನ ಹೊರಬಂದ ಕರುಳನ್ನು ಅಂಗೈಯಿಂದ ಒಳಗೆ ತಳ್ಳುತ್ತಿದ್ದ.

"ಧಣಿಗಳೇ, ಒಂದು ಹೊಡೆದು ಬಿಡಿ. ನೋಡಲಿಕ್ಕೆ ಆಗುವುದಿಲ್ಲ."

"ಉಳಿದದ್ದು ಆರು. ನಾಯಿಗೆ ಒಂದು ದಂಡ ಮಾಡುವುದಾ? ನಿನ್ನ ಸೊಂಟದಲ್ಲಿ ಕತ್ತಿ ಉಂಟಲ್ಲ."

ಮೊದಲ ಏಟು ಜಾರಿತು. ಎರಡನೆಯದಕ್ಕೆ ಮುಗಿಯಿತು. ಹಳೆಯ ಅಭ್ಯಾಸದಂತೆ ನಾನು ಗಡಿಯಾರ ನೋಡಿ ಬರೆದುಕೊಂಡೆ.

ರಕ್ತದ ಜಾಡು ಹಿಡಿದು ಹಂದಿಯನ್ನು ಹುಡುಕಿದ್ದೂ ಅವನೇ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ತೋಡಿನ ಬದಿಯ ಪೊದೆಯಲ್ಲಿ ಅದು ಸತ್ತು ಬಿದ್ದಿತ್ತು. ಮೈ ಇನ್ನೂ ಬಿಸಿ ಇತ್ತು. ಭಾವ ತೊಡೆಗಳನ್ನು ತಟ್ಟಿ ನೋಡಿದರು. "ಒಂದು ಗೀರೂ ಇಲ್ಲ" ಎಂದರು.

ಮಧ್ಯಾಹ್ನ ಭಾವನ ತಮ್ಮ ಅಂಗಳದಲ್ಲಿ ಆರು ಬಾಳೆಲೆ ಹಾಸಿದ.

"ನಾಯಿಯದ್ದು?" ಎಂದ ಅದರ ಯಜಮಾನ.

"ಹಂದಿ ಬೀಳುವಾಗ ಜೀವ ಇದ್ದರೆ ಪಾಲು. ನಿನ್ನದು ಮೊದಲೇ ಹೋಯಿತಲ್ಲ?" ಎಂದ ತಮ್ಮ.

"ಹಂದಿ ಜೀವ ಬಿಟ್ಟದ್ದು ಯಾರು ನೋಡಿದ್ದಾರೆ?"

"ಇವರು ಬರೆದಿದ್ದಾರೆ" ಎಂದರು ಭಾವ. "ಓದಿ."

ಓದಿದೆ. ನಾಯಿ, ಹತ್ತು ಇಪ್ಪತ್ತು. ಹಂದಿ, ಹನ್ನೊಂದು ಐದು. ಎರಡನೆಯದು ನಾವು ಅದನ್ನು ಕಂಡ ಹೊತ್ತು. ಅದು ಯಾವಾಗ ಸತ್ತಿತೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ.

"ಕೇಳಿತಾ? ಮುಕ್ಕಾಲು ಗಂಟೆ ಮೊದಲು" ಎಂದರು ಭಾವ.

"ಸತ್ತ ನಾಯಿಗೆ ಪಾಲು ಕೊಟ್ಟರೆ ನಾಳೆ ಸತ್ತ ಅಜ್ಜನೂ ಚೀಲ ಹಿಡ್ಕೊಂಡು ಬಂದಾರು" ಎಂದ ತಮ್ಮ. ಮತ್ತೆ ನಗು.

ನಾಯಿಯ ಯಜಮಾನ ತನ್ನ ಪಾಲನ್ನೂ ಎಲೆಯ ಮೇಲೆಯೇ ಬಿಟ್ಟು, ಗುದ್ದಲಿ ಕೇಳಿ ಪಡೆದು, ಗುಡ್ಡ ಹತ್ತಿದ. ಆ ಪಾಲು ತೋಡಾರಿನ ನೆಂಟರ ಚೀಲಕ್ಕೆ ಹೋಯಿತು. ಸಂಜೆ ಗುದ್ದಲಿಯನ್ನು ತೊಳೆದು ತಂದಿಟ್ಟ. ಮಾರನೆಯ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದ.

ಆಮೇಲೆ ಅವನು ನಾಯಿ ಸಾಕಿಲ್ಲ. ಕಳೆದ ತಿಂಗಳು ನಾನು ಹೋದಾಗ ಭಾವ ಡಬ್ಬಿ ತೆರೆದು ತೋರಿಸಿದರು. ತಾಮ್ರದವು ಎರಡು, ಸೀಸದ ಮೂತಿಯವು ನಾಲ್ಕು ಇದ್ದವು.