ಓಡದ ಹುಡುಗಿಯರ ಓಟದ ಸಮಯ

ಒಂದು ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತು, ಚಹಾ ಕುಡಿಯುತ್ತ, ನಾನು ನಲವತ್ತೆರಡು ಹುಡುಗಿಯರನ್ನು ಆರುನೂರು ಮೀಟರ್ ಓಡಿಸಿದೆ. ಅವರಲ್ಲಿ ಒಬ್ಬಳೂ ಬೆಂಚು ಬಿಟ್ಟು ಎದ್ದಿರಲಿಲ್ಲ. ಆ ಹೊತ್ತಿಗೆ ಅವರು ಮೇಲಿನ ಮಹಡಿಯಲ್ಲಿ, ನನ್ನ ಪಿ.ಟಿ. ಪೀರಿಯಡ್ಡಿನಲ್ಲಿ, ಬೀಜಗಣಿತ ಮಾಡುತ್ತಿದ್ದರು. ನಾನು ಪೆನ್ನು ಹಿಡಿದು ಒಬ್ಬೊಬ್ಬಳ ಹೆಸರಿನ ಮುಂದೆ ನಿಮಿಷ, ಸೆಕೆಂಡು ಬರೆಯುತ್ತ ಹೋದೆ.

ಪಿಂಪ್ರಿ-ಚಿಂಚವಾಡದ ಒಂದು ಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಪಿ.ಟಿ. ಟೀಚರ್. ವರ್ಷಕ್ಕೆ ಎರಡು ಸಲ ಪ್ರತಿ ಮಗುವಿಗೂ ಒಂದು ಆರೋಗ್ಯ ಕಾರ್ಡ್ ತುಂಬಬೇಕು. ಎತ್ತರ, ತೂಕ, ಓಟಕ್ಕೆ ಹಿಡಿದ ಸಮಯ, ಬಗ್ಗಿದರೆ ಕೈ ಎಲ್ಲಿಗೆ ಮುಟ್ಟುತ್ತದೆ, ಓಡಿದ ಮೇಲೆ ಉಸಿರು ಹೇಗಿದೆ. ಇದೆಲ್ಲ ಕಂಪ್ಯೂಟರಿನಲ್ಲಿ ಮೇಲಿನವರಿಗೆ ಹೋಗುತ್ತದೆ, ಒಂದು ಪ್ರತಿ ಮನೆಗೆ ಹೋಗುತ್ತದೆ. ಎತ್ತರ, ತೂಕ ಮಾತ್ರ ನಾನು ನಿಜವಾಗಿ ಅಳೆಯುತ್ತಿದ್ದೆ. ಉಳಿದದ್ದು ನನ್ನ ಪೆನ್ನಿನಿಂದ ಹುಟ್ಟುತ್ತಿತ್ತು. ಅದರಲ್ಲೂ ಒಂದು ಜಾಣತನ ಬೆಳೆಸಿಕೊಂಡಿದ್ದೆ. ತೆಳ್ಳಗಿನವಳಿಗೆ ನಾಲ್ಕು ಸೆಕೆಂಡು ಕಡಿಮೆ, ದಪ್ಪಗಿನವಳಿಗೆ ಹತ್ತು ಹೆಚ್ಚು, ತರಗತಿಗೆ ಇಬ್ಬರಿಗೆ 'ಸುಧಾರಣೆ ಬೇಕು'. ನೋಡಿದವರು ಸುಳ್ಳು ಎನ್ನಬಾರದು. ಆ ಕೈಚಳಕದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು ಎಂಬುದನ್ನು ಇಲ್ಲಿ ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೊದಲಿಂದ ನಾನು ಹೀಗಿರಲಿಲ್ಲ. ನನ್ನಪ್ಪ ಯಾದಗಿರಿ ಕಡೆಯಿಂದ ಇಲ್ಲಿಯ ಕಾರ್ಖಾನೆಗೆ ಬಂದವನು. ಕಾರ್ಮಿಕರ ಕಾಲೊನಿಯ ಮಣ್ಣಿನ ಮೈದಾನದಲ್ಲಿ ನಾನು ಖೋ ಖೋ ಆಡಿ ಬೆಳೆದೆ, ಜಿಲ್ಲೆಯ ತಂಡಕ್ಕೆ ಆಡಿದೆ, ಆ ಆಟದ ಬಲದಿಂದಲೇ ಈ ನೌಕರಿ ಹಿಡಿದೆ. ನಾನು ಸೇರಿದಾಗ ಶಾಲೆಗೆ ಒಳ್ಳೆಯ ಮೈದಾನವಿತ್ತು. ಆಮೇಲೆ ಆಡಳಿತ ಮಂಡಳಿಯವರು ಅದಕ್ಕೆ ಸಿಮೆಂಟಿನ ಬ್ಲಾಕ್ ಹಾಸಿದರು. ವಾರದ ದಿನಗಳಲ್ಲಿ ಅಲ್ಲಿ ಶಾಲೆಯ ಬಸ್ಸುಗಳು ನಿಲ್ಲತೊಡಗಿದವು, ರವಿವಾರ ಮದುವೆಯ ಪೆಂಡಾಲು ಏಳತೊಡಗಿತು. ಪಿ.ಟಿ. ಪೀರಿಯಡ್ಡುಗಳನ್ನು ಗಣಿತದವರು, ವಿಜ್ಞಾನದವರು ಕೇಳಿ ಪಡೆದರು, ಆಮೇಲೆ ಕೇಳದೆಯೂ ಪಡೆದರು. ಒಂದೆರಡು ವರ್ಷ ಜಗಳಾಡಿದೆ. ಮತ್ತೆ ಕೆಲವು ವರ್ಷ ಗೊಣಗಿದೆ. ಆಮೇಲೆ ಚಹಾ ತರಿಸಿಕೊಂಡು ಕುಳಿತೆ.

ಕಾರ್ಡುಗಳು ಮನೆಗೆ ಹೋದ ಮರುದಿನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಮೆಟ್ಟಿಲ ಬಳಿ ತಡೆದಳು. ಅವಳ ಮನೆಯವರು ಕಲಬುರಗಿ ಕಡೆಯವರು. ಅಪ್ಪ ಸೆಂಟ್ರಿಂಗ್ ಕೆಲಸದವನು, ಅವ್ವ ಬಿಗಾರಿ, ಇಟ್ಟಿಗೆ ಮರಳು ಹೊರುವವಳು. ಏಳುತ್ತಿರುವ ದೊಡ್ಡ ಕಟ್ಟಡಗಳ ಪಕ್ಕದ ತಗಡಿನ ಕೋಣೆಗಳಲ್ಲಿ ವಾಸ. ತರಗತಿಯಲ್ಲಿ ನಾವಿಬ್ಬರೂ ಮರಾಠಿಯಲ್ಲೇ ಮಾತಾಡುತ್ತಿದ್ದೆವು. ಯಾರೂ ಇಲ್ಲದಾಗ ಮಾತ್ರ ಅವಳು ಕನ್ನಡಕ್ಕೆ ಹೊರಳುತ್ತಿದ್ದಳು.

"ಮ್ಯಾಡಂ, ಇದರಾಗ ನಾ ಓಡೀನಿ ಅಂತ ಬರದದ. ನಾ ಯಾವಾಗ ಓಡೀನ್ರಿ?"

ಎಲ್ಲರದ್ದೂ ಹಾಗೇ ಬರೆಯುತ್ತಾರೆ, ಕ್ಲಾಸಿಗೆ ಹೋಗು ಎಂದೆ. ಅವಳು ಹೋಗಲಿಲ್ಲ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲು ಹತ್ತಿದರೇ ತನಗೆ ದಮ್ಮು ಹತ್ತುತ್ತದೆ, ಇದರಲ್ಲಿ ಉಸಿರು ಚಲೋ ಅದ ಅಂತಿದೆ ಎಂದಳು. ಸರಿಯಾಗಿ ಊಟ ಮಾಡು, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಅವಳನ್ನು ದಾಟಿ ಇಳಿದುಹೋದೆ. ಇಷ್ಟೇ. ಒಂದು ಮಗು ತನ್ನ ಕಾಯಿಲೆಯನ್ನು ಬಾಯಿಬಿಟ್ಟು ನನ್ನೆದುರು ಹೇಳಿತ್ತು. ನಾನು ಚಪ್ಪಲಿ ಸಪ್ಪಳ ಮಾಡುತ್ತ ಇಳಿದುಹೋಗಿದ್ದೆ.

ಮೂರು ತಿಂಗಳಾದ ಮೇಲೆ ಹುಡುಗಿ ಶಾಲೆಗೆ ಬರುವುದು ನಿಂತಿತು. ಊರಿಗೆ ಹೋಗಿರಬೇಕು ಎಂದುಕೊಂಡೆವು. ಆ ತಗಡಿನ ಕೋಣೆಗಳ ಜನ ಹಬ್ಬಕ್ಕೆ, ಬಿತ್ತನೆಗೆ ಊರಿಗೆ ಹೋಗುತ್ತಾರೆ, ಬರುತ್ತಾರೆ. ಎರಡು ವಾರದ ನಂತರ ಅವಳ ಅವ್ವ ಬಂದಳು. ಸೀರೆಯ ಮೇಲೆ ಗಂಡಸರ ಅಂಗಿ, ತೋಳಿನ ತುಂಬ ಸಿಮೆಂಟಿನ ಪುಡಿ. ಕೆಲಸದ ನಡುವೆಯೇ ಎದ್ದು ಬಂದಿದ್ದಳು. ರಜೆಯ ಚೀಟಿ ಯಾರಿಗೆ ಕೊಡಬೇಕು ಎಂದು ಶಾಲೆಯ ಸಿಪಾಯಿಯನ್ನು ಕೇಳುತ್ತಿದ್ದಳು. ಅವನು ಆಕೆಯ ಭಾಷೆ ಕೇಳಿ ನನ್ನ ಹತ್ತಿರ ಕಳಿಸಿದ.

ಹುಡುಗಿ ಕಟ್ಟಡದ ನಾಲ್ಕನೆಯ ಮಹಡಿಗೆ ನೀರು ಒಯ್ಯುವಾಗ ಮೆಟ್ಟಿಲ ಮೇಲೆ ಕುಸಿದಿದ್ದಳು. ಆಸ್ಪತ್ರೆಗೆ ಒಯ್ದಾಗ ಮೈಯಲ್ಲಿ ರಕ್ತವೇ ಇಲ್ಲ ಅಂದರು, ಎರಡು ಬಾಟಲಿ ಏರಿಸಿದರು. ಇಷ್ಟು ತಡವಾಗಿ ಯಾಕೆ ತಂದಿರಿ ಎಂದು ಡಾಕ್ಟರು ಬೈದರು. ಇದನ್ನೆಲ್ಲ ಹೇಳಿ ಮುಗಿಸಿ ಆಕೆ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಆ ಕಾರ್ಡು ತೆಗೆದಳು. ತುಂಬಿದವರು ಯಾರು ಎಂಬುದು ಆಕೆಗೆ ಗೊತ್ತಿರಲಿಲ್ಲ.

"ಅಕ್ಕೋರೆ, ಆವಾಗನ ಈಕಿನ್ನ ದವಾಖಾನಿಗೆ ಒಯ್ಯಬೇಕಂತ ಮಾಡಿದ್ದೆ. ಇದು ಬಂತು. ಉಸುರು ಚಲೋ ಅದ, ಚಲೋ ಓಡತಾಳ ಅಂತ ಓದಿ ಹೇಳಿದ್ರು. ಸಾಲಿಯವರು ನೋಡ್ಯಾರಂದ್ರ ನನಗಿಂತ ಅವರಿಗೆ ತಿಳೀತದ ಅಂತ ಸುಮ್ಮನಾದೆ."

ನಾನೇ ತುಂಬಿದ್ದು, ಅವಳನ್ನು ಓಡಿಸಿ ನೋಡದೆ ತುಂಬಿದ್ದು ಎಂದೆ. ತಪ್ಪಾಯ್ತು ರೀ ಎಂದೆ.

ಆಕೆ ದನಿ ಏರಿಸಲಿಲ್ಲ. "ನಾ ಸಾಲಿ ಕಲ್ತಿಲ್ರಿ, ಬರದದ್ದೆಲ್ಲಾ ಖರೇ ಅಂತ ತಿಳಕೊಂಡಿದ್ದೆ," ಎಂದಳು. ಕಾರ್ಡನ್ನು ಮತ್ತೆ ಮಡಚಿ ಕಿಸೆಗಿಟ್ಟುಕೊಂಡು, ರಜೆಯ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಆಕೆ ಬೈದಿದ್ದರೆ ಚೆನ್ನಾಗಿತ್ತು. ಆ ಇಡೀ ದಿನ ನನಗೆ ಆದದ್ದು ದುಃಖವಲ್ಲ, ಸಿಟ್ಟು. ನನ್ನ ಮೇಲೆ, ಬ್ಲಾಕ್ ಹಾಸಿದವರ ಮೇಲೆ, ನನ್ನ ಪೀರಿಯಡ್ಡನ್ನು ಸಕ್ಕರೆ ಕಡ ಕೇಳಿದಷ್ಟು ಸಲೀಸಾಗಿ ಕೇಳಿ ಒಯ್ಯುತ್ತಿದ್ದ ಗಣಿತದವರ ಮೇಲೆ. ಮರುದಿನ ಮುಖ್ಯಾಧ್ಯಾಪಿಕೆಯ ಕೋಣೆಗೆ ಹೋಗಿ ಎಲ್ಲ ಹುಡುಗಿಯರ ಪರೀಕ್ಷೆ ಹೊಸದಾಗಿ, ನಿಜವಾಗಿ ಮಾಡುತ್ತೇನೆ ಎಂದೆ. ಜಾಗ ಎಲ್ಲಿದೆ, ಬಸ್ಸುಗಳಿವೆಯಲ್ಲ ಎಂದರು. ಇದೇ ಮಾತನ್ನು ಎಷ್ಟೋ ವರ್ಷಗಳಿಂದ ನಾನೂ ಎಲ್ಲರಿಗೂ ಹೇಳುತ್ತ ಬಂದಿದ್ದೆ.

ಅವತ್ತು ಸೀದಾ ಬಸ್ಸಿನ ಡ್ರೈವರುಗಳ ಹತ್ತಿರ ಹೋದೆ. ಬಸ್ಸುಗಳನ್ನು ಕಾಂಪೌಂಡ್ ಗೋಡೆಗೆ ಹೊಂದಿಸಿ ಒಂದೇ ಸಾಲಿನಲ್ಲಿ ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದೆ. ಅವರಲ್ಲಿ ಹಿರಿಯನೊಬ್ಬ ತಂಬಾಕು ತಿಕ್ಕುವುದನ್ನು ನಿಲ್ಲಿಸಿ, ಮೊದಲೇ ಹೇಳುವುದಲ್ಲವೇ ಮ್ಯಾಡಂ, ನಮಗೇನು ಎಂದು ಮರಾಠಿಯಲ್ಲಿ ಅಂದ. ಹತ್ತು ನಿಮಿಷದಲ್ಲಿ ಮುಕ್ಕಾಲು ಮೈದಾನ ಖಾಲಿಯಾಯಿತು. ನಾನು ಅಲ್ಲೇ ನಿಂತು ನೋಡಿದೆ. ಇಷ್ಟು ವರ್ಷಗಳ ನನ್ನ ನೆಪ ಹತ್ತು ನಿಮಿಷದ್ದಾಗಿತ್ತು.

ಟೇಪು ಹಿಡಿದು ಅಳೆದೆ. ಸುತ್ತಲೂ ಎಪ್ಪತ್ತೈದು ಮೀಟರ್. ಎಂಟು ಸುತ್ತು ಹಾಕಿದರೆ ಆರುನೂರು. ಸೀಮೆಸುಣ್ಣದಿಂದ ಗೆರೆ ಎಳೆದು ಒಂಬತ್ತನೆಯ ತರಗತಿಯವರನ್ನು ಹತ್ತು ಹತ್ತು ಮಂದಿಯಾಗಿ ಬಿಟ್ಟೆ. ಎಲ್ಲರೂ ಬಸ್ಸು ತಪ್ಪುತ್ತಿದೆಯೇನೋ ಎಂಬಂತೆ ಮೊದಲ ಸುತ್ತನ್ನು ಜೋರಾಗಿ ಓಡಿದರು, ಮೂರನೆಯ ಸುತ್ತಿಗೆ ಹೆಚ್ಚಿನವರು ಪಕ್ಕೆ ಹಿಡಿದು ಕೂತರು. ಒಬ್ಬಳು ವಾಂತಿ ಮಾಡಿಕೊಂಡಳು. ಕೆಲವರು ನಾಚಿಕೆಯಿಂದ ಎದೆಯ ಮೇಲೆ ಕೈ ಕಟ್ಟಿಕೊಂಡೇ ಓಡಿದರು. ನಲವತ್ತೊಂದು ಹುಡುಗಿಯರಲ್ಲಿ ಎಂಟೂ ಸುತ್ತು ಮುಗಿಸಿದವರು ಆರು ಮಂದಿ. ಉಳಿದವರು ಸೋಮಾರಿಗಳಲ್ಲ. ಓಡುವುದು ಹೇಗೆಂದು ಯಾರೂ ಅವರಿಗೆ ಕಲಿಸಿರಲಿಲ್ಲ. ಕಲಿಸಬೇಕಾದವಳು ನಾನು. ಸಂಬಳ ತೆಗೆದುಕೊಂಡು ಚಹಾ ಕುಡಿದವಳೂ ನಾನು.

ಅವತ್ತಿನಿಂದ ಕಲಿಸಲು ಶುರು ಮಾಡಿದೆ. ಗೆಳತಿಯ ಜೊತೆ ಮಾತಾಡುತ್ತ ಓಡಿ ಎಂದೆ. ಮಾತು ಕಡಿಯಿತೆಂದರೆ ವೇಗ ಹೆಚ್ಚಾಯಿತು ಎಂದರ್ಥ, ಇಳಿಸಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸುವುದನ್ನು ತೋರಿಸಿದೆ. ಮೊದಲ ಸಲ ತಮ್ಮ ನಾಡಿ ಬೆರಳಿಗೆ ಸಿಕ್ಕಾಗ ಅವರ ಮುಖಗಳು ಬದಲಾದವು. ಒಬ್ಬಳಂತೂ ಸಿಕ್ಕಿತು, ಸಿಕ್ಕಿತು ಎಂದು ಪಿಸುಗುಟ್ಟುತ್ತ ಆ ಬೆರಳನ್ನು ಎತ್ತಲೇ ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳಿಚಿದೆಯೋ ಎಂದು ಒಬ್ಬರದನ್ನೊಬ್ಬರು ನೋಡುವುದನ್ನು ಕಲಿಸಿದೆ. ಬಿಳಿಚಿದ ಏಳು ಮಂದಿಯನ್ನು ನಾನೇ ಪಾಲಿಕೆಯ ದವಾಖಾನೆಗೆ ಕರೆದುಕೊಂಡು ಹೋದೆ.

ಊಟದ ಬಗ್ಗೆ ಹೇಳುವಾಗ ಮಾತ್ರ ಎಡವಿದೆ. ಸೊಪ್ಪು ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ಚಹಾ ಬೇಡ, ಶೇಂಗಾ ಬೆಲ್ಲ ಇಟ್ಟುಕೊಳ್ಳಿ ಎಂದು ಉದ್ದಕ್ಕೆ ಹೇಳುತ್ತಿದ್ದೆ. ಆ ಹೊತ್ತಿಗೆ ಕಲಬುರಗಿಯ ಹುಡುಗಿ ಗುಳಿಗೆ ನುಂಗುತ್ತ ಶಾಲೆಗೆ ಮರಳಿದ್ದಳು. ಓಡಬಾರದೆಂದು ಡಾಕ್ಟರು ಹೇಳಿದ್ದರಿಂದ ಕಟ್ಟೆಯ ಮೇಲೆ ಕೂತು ಎಲ್ಲರ ಸಮಯ ಬರೆದುಕೊಳ್ಳುತ್ತಿದ್ದಳು. ಉಳಿದವರು ಹೋದ ಮೇಲೆ ಹತ್ತಿರ ಬಂದು ಹೇಳಿದಳು, "ಪಲ್ಯಾ ಮೊದಲ ಅಪ್ಪಗ, ಆಮ್ಯಾಲ ಅಣ್ಣಗ ಹಾಕತಾರ್ರಿ. ಉಳದ್ರ ನಂಗ, ಅವ್ವಗ." ಮರುವಾರ ತಾಯಂದಿರನ್ನು ಕರೆಸಿ ಕನ್ನಡದಲ್ಲಿ, ಮರಾಠಿಯಲ್ಲಿ ಹೇಳಿದೆ. ಹೆಣ್ಣುಮಕ್ಕಳ ತಾಟಿಗೆ ಮೊದಲೇ ಪಲ್ಯ ತೆಗೆದಿಡಿ, ನಿಮ್ಮದಕ್ಕೂ ತೆಗೆದಿಡಿ. ಕೆಲವರು ನಕ್ಕರು. ಕೆಲವರು ನೆಲ ನೋಡಿದರು.

ನಿಜವಾದ ಅಂಕಿಗಳನ್ನು ತುಂಬಿ ಕೊಟ್ಟಾಗ ಮುಖ್ಯಾಧ್ಯಾಪಿಕೆ ಕಾಗದದ ಮೇಲೆ ಕಣ್ಣಾಡಿಸಿ ಕನ್ನಡಕ ತೆಗೆದರು. ಇದು ಮೇಲೆ ಹೋದರೆ ನಮ್ಮ ಶಾಲೆ ಕಡೆಯ ಸಾಲಿಗೆ ಬೀಳುತ್ತದೆ, ಹೋದ ಸಲದ ಹಾಗೆ ಬರೆದುಕೊಡಿ ಎಂದರು. ಹೋದ ಸಲದ ಹಾಗೆ ಬರೆದದ್ದಕ್ಕೆ ಒಂದು ಮಗುವಿಗೆ ರಕ್ತ ಏರಿಸಿದರು ಎಂದೆ. ಅದು ಮನೆಯ ಊಟದ ವಿಷಯ, ಶಾಲೆಯದ್ದಲ್ಲ ಎಂದರು. ನಾನು ಬರೆಯುವುದಿಲ್ಲ ಎಂದು ಎದ್ದು ಬಂದೆ. ಬರೆಯಬೇಕಾಗಲೂ ಇಲ್ಲ. ಪಾಸ್‌ವರ್ಡ್ ಗುಮಾಸ್ತರ ಹತ್ತಿರವಿತ್ತು. ಅವರು ಕೂತಲ್ಲೇ ನಲವತ್ತೆರಡೂ ಹುಡುಗಿಯರನ್ನು ಓಡಿಸಿದರು. ಓಡಬಾರದೆಂದು ಡಾಕ್ಟರು ಹೇಳಿದ್ದವಳನ್ನೂ ಓಡಿಸಿದರು. ಸ್ವಲ್ಪ ದಿನದಲ್ಲಿ ಆರೋಗ್ಯವಂತ ಶಾಲೆ ಎಂಬ ಪ್ರಮಾಣಪತ್ರ ಬಂತು. ಅದಕ್ಕೆ ಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕಿದರು. ನನಗೆ, ಅನುಮತಿಯಿಲ್ಲದೆ ಬಸ್ಸುಗಳ ಜಾಗ ಬದಲಿಸಿದ್ದಕ್ಕೆ, ಮೆಮೊ ಬಂತು.

ಆದರೆ ಹುಡುಗಿಯರು ತಮ್ಮ ಅಂಕಿಗಳನ್ನು ತಮ್ಮದೇ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದರು. ಪಾಲಕರ ಸಭೆಯ ದಿನ ಹೊಸ ಕಾರ್ಡು ಹಂಚಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಿ ಎಂದು ನಾನೇ ಹೇಳಿದ್ದೆ. ಸಭೆಯಲ್ಲಿ ಮೊದಲು ಎದ್ದವಳು ಕಲಬುರಗಿಯ ಅವ್ವ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಆಸ್ಪತ್ರೆಯ ಚೀಟಿ. ತನಗೆ ಬರುವಷ್ಟು ಮರಾಠಿಯಲ್ಲಿ, ಇದರಲ್ಲಿ ಖರೇ ಯಾವುದು ಎಂದು ಕೇಳಿದಳು. ಮುಖ್ಯಾಧ್ಯಾಪಿಕೆ ಕಂಪ್ಯೂಟರಿನ ತಪ್ಪು ಎಂದರು. ಹಿಂದಿನಿಂದ ಒಬ್ಬ ಕಾರ್ಖಾನೆಯ ನೌಕರ ಎದ್ದು, ನನ್ನ ಮಗಳದ್ದೂ ತಪ್ಪಾಗಿದೆ ಎಂದ. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಒಂದು ತಾಸು ಯಾರೂ ಕೂರಲಿಲ್ಲ.

ಅದರಿಂದ ಇಷ್ಟು ಆಯಿತು: ಎಂಟು, ಒಂಬತ್ತನೆಯ ತರಗತಿಗಳಿಗೆ ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಮರಳಿ ಬಂದವು. ಬಸ್ಸುಗಳು ಗೋಡೆಗೆ ಹೊಂದಿಕೊಂಡು ನಿಲ್ಲುತ್ತವೆ. ಗುಮಾಸ್ತರಿಗೆ ಏನೂ ಆಗಲಿಲ್ಲ. ಪ್ರಮಾಣಪತ್ರವನ್ನು ಯಾರೂ ಕೆಳಗಿಳಿಸಲಿಲ್ಲ.

ಸಭೆ ಮುಗಿದ ಮೇಲೆ ಗೇಟಿನ ಬಳಿ ಆ ಅವ್ವನನ್ನು ಮಾತಾಡಿಸಲು ಹೋದೆ. ಮಗಳು ಈಗ ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ, ರಕ್ತ ಏರಿದೆ, ಮೆಟ್ಟಿಲು ಹತ್ತುತ್ತಾಳೆ ಎಂದಳು. "ನಿಮ್ಮ ಮ್ಯಾಲಿನ ಸಿಟ್ಟು ನಂಗಿನ್ನಾ ಹೋಗಿಲ್ರಿ ಅಕ್ಕೋರೆ," ಎಂದು ಹೇಳಿ ಶೇರ್ ರಿಕ್ಷಾ ಹತ್ತಿದಳು. ಆ ಸಿಟ್ಟು ಹೋಗಬಾರದು ಎಂದೇ ನನಗೂ ಅನಿಸಿತು.

ಹುಡುಗಿ ಈ ವರ್ಷ ಹತ್ತನೆಯ ತರಗತಿ. ಡಾಕ್ಟರು ಓಡಲು ಒಪ್ಪಿಗೆ ಕೊಟ್ಟರು, ಆದರೆ ಹತ್ತನೆಯವರಿಗೆ ಬೋರ್ಡ್ ಪರೀಕ್ಷೆಯ ಹೆಸರಿನಲ್ಲಿ ಪಿ.ಟಿ.ಯೇ ಇಲ್ಲ. ಹಾಗಾಗಿ ಅವಳು, ಜೊತೆಗೆ ಇನ್ನೂ ನಾಲ್ವರು, ಬಸ್ಸುಗಳು ಬರುವ ಮೊದಲೇ ಬೆಳಿಗ್ಗೆ ಬರುತ್ತಾರೆ. ಮೊದಲ ತಿಂಗಳು ಎರಡು ಸುತ್ತು ಓಡಿ ಎರಡು ನಡೆಯುತ್ತಿದ್ದಳು. ಬೀಗುವಂಥ ವೇಗವೇನೂ ಅವಳಿಗೆ ಬಂದಿಲ್ಲ, ತಂಡಕ್ಕೂ ಸೇರಿಲ್ಲ. ಈ ಸೋಮವಾರ ಮೊದಲ ಸಲ ನಿಲ್ಲದೆ ಏಳು ಸುತ್ತು ಮುಗಿಸಿದಾಗ ಗಂಟೆ ಹೊಡೆಯಿತು. ನನ್ನ ಕಡೆ ನೋಡಿದಳು. ಮುಗಿಸು ಎಂದೆ. ಮುಗಿಸಿದಳು, ನಾಡಿ ಎಣಿಸಿಕೊಂಡು ಬರೆದಳು, ಚೀಲ ಹೆಗಲಿಗೇರಿಸಿ ಓಡಿದಳು. ತಡವಾಯಿತೆಂದು ಗಣಿತದವರು ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದರು. ಸುದ್ದಿ ತಿಳಿದ ಕೂಡಲೇ ನಾನು ಸೀಟಿಯನ್ನು ಕೊರಳಿನಿಂದ ತೆಗೆಯದೆಯೇ ಮೇಲಿನ ಮಹಡಿಗೆ ಹೋಗಿ ಬಾಗಿಲು ತಟ್ಟಿದೆ.